ಮುಪ್ಪಿನ ಕಿವಿಗೆ ತಕ್ಕ ಯಂತ್ರ

ನಮ್ಮ ಮನೆಗಳಲ್ಲಿ ದಿನವೂ ನಡೆಯುವ ಒಂದು ಸಣ್ಣ ಪ್ರಸಂಗವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಮನೆಮಂದಿಯೆಲ್ಲ ಕುಳಿತು ಯಾವುದೋ ವಿಷಯವಾಗಿ ಮಾತನಾಡುತ್ತಿರುವರು. ಮೂಲೆಯ ಕುರ್ಚಿಯಲ್ಲಿ ಕುಳಿತ ಅಜ್ಜ "ಏನಂತೆ?" ಎಂದು ಕೇಳುವರು. ಯಾರೋ ಒಬ್ಬರು ಉತ್ತರ ಕೊಡುವರು. ಅದು ಅವರಿಗೆ ತಿಳಿಯದು. ಎರಡನೆಯ ಸಲ ಗಟ್ಟಿಯಾಗಿ ಹೇಳುವರು, ಆಗಲೂ ತಿಳಿಯದು. ಮೂರನೆಯ ಸಲ ಕೇಳಿದಾಗ "ಏನೂ ಇಲ್ಲ ಬಿಡಿ, ಆಮೇಲೆ ಹೇಳುತ್ತೇನೆ" ಎಂಬ ಮಾತು ಬರುವುದು. ಆ 'ಆಮೇಲೆ' ಎಂಬುದು ಬರುವುದೇ ಇಲ್ಲ. ಕೆಲವು ತಿಂಗಳಾದ ಮೇಲೆ ಅಜ್ಜ ಕೇಳುವುದನ್ನೇ ಬಿಟ್ಟುಬಿಡುವರು. ಜಮೀನಿನ ಮಾತಿರಲಿ, ಮೊಮ್ಮಗಳ ಮದುವೆಯ ಮಾತಿರಲಿ, ಅವರೆದುರಿನಲ್ಲಿಯೇ ಅವರನ್ನು ಬಿಟ್ಟು ನಡೆಯತೊಡಗುವುದು. ಹೀಗೆ ಕಿವಿಯ ಜೊತೆಗೆ ಮನೆಯ ಮಾತಿನಲ್ಲಿ ಅವರಿಗಿದ್ದ ಪಾಲೂ ಹೋಗುವುದು.

ಇದು ಒಂದೆರಡು ಮನೆಗಳ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಶ್ರವಣವನ್ನು ಕುರಿತು 2021ರಲ್ಲಿ ಹೊರತಂದ ವರದಿಯಲ್ಲಿ, ಜಗತ್ತಿನ 150 ಕೋಟಿಗೂ ಮಿಕ್ಕ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣಲೋಪವಿದೆಯೆಂದೂ, ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಉಪಕರಣದ ಅಥವಾ ಇತರ ಬಗೆಯ ನೆರವು ಬೇಕೇಬೇಕೆಂದೂ ಹೇಳಿದೆ. ಅರವತ್ತು ದಾಟಿದವರಲ್ಲಂತೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ನಿತ್ಯಜೀವನಕ್ಕೆ ತೊಡಕಾಗುವಷ್ಟು ಶ್ರವಣಲೋಪವಿರುತ್ತದೆ. ನಮ್ಮ ವಾಚಕರಲ್ಲಿ ಹೆಚ್ಚಿನವರು ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು. ಅವರಲ್ಲಿ ಅನೇಕರ ಮನೆಯಲ್ಲಿ ಇಂತಹ ಅಜ್ಜನೋ ಅಜ್ಜಿಯೋ ಇರುವುದು ಸಂಭವ. ಆದುದರಿಂದ ಮುಪ್ಪಿನ ಕಿವಿಗೆ ಎಂತಹ ಉಪಕರಣವನ್ನು ಆರಿಸಬೇಕೆಂಬುದನ್ನು, ತರಗತಿಯಲ್ಲಿ ಕಲಿಯುವ ಶಬ್ದಶಾಸ್ತ್ರದ ಬೆಳಕಿನಲ್ಲಿ, ಇಲ್ಲಿ ವಿವೇಚಿಸೋಣ.

ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ; ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು; ವಯಸ್ಸು ಎಂಬತ್ತೆರಡು. ಅವರ ಮಗ ಪ್ರೀತಿಯಿಂದಲೇ, ಸಾಕಷ್ಟು ಹಣ ತೆತ್ತು, ಕಿವಿಯೊಳಗೆ ಕಾಣದಂತೆ ಕೂರುವ ಒಂದು ಜೊತೆ ಯಂತ್ರಗಳನ್ನು ತಂದುಕೊಟ್ಟ. ಆ ಯಂತ್ರದ ವಿದ್ಯುತ್ಕೋಶವು ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಮೇಷ್ಟರ ಬೆರಳುಗಳೋ ನಡುಗುವಂಥವು. ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಕೋಶವನ್ನು ಬದಲಾಯಿಸುವುದು ಅವರಿಂದ ಆಗಲಿಲ್ಲ. ಪ್ರತಿಸಲವೂ ಸೊಸೆಯನ್ನು ಕರೆಯಲು ಮನಸ್ಸು ಬರಲಿಲ್ಲ. ಮಗ ದೂರವಾಣಿಯಲ್ಲಿ ವಿಚಾರಿಸಿದಾಗಲೆಲ್ಲ "ಬಹಳ ಚೆನ್ನಾಗಿದೆಯಪ್ಪ" ಎನ್ನುತ್ತಿದ್ದರು. ಯಂತ್ರಗಳು ಮಾತ್ರ ಬೀರುವಿನ ಸೆಳೆಖಾನೆಯಲ್ಲಿ ಮಖಮಲ್ಲಿನ ಪೆಟ್ಟಿಗೆಯೊಳಗೆ ಭದ್ರವಾಗಿದ್ದವು.

ಯಂತ್ರ ಕೆಟ್ಟದ್ದಾಗಿರಲಿಲ್ಲ. ಅದನ್ನು ಆರಿಸಿದ ಕ್ರಮ ತಪ್ಪಾಗಿತ್ತು. ಬೆಲೆಯನ್ನು ನೋಡಿ ಆರಿಸಿದರು. ಹೊರಗೆ ಕಾಣಬಾರದೆಂಬುದನ್ನು ನೋಡಿ ಆರಿಸಿದರು. ಯಾರು ಬಳಸಬೇಕೋ ಅವರ ಬೆರಳನ್ನು ನೋಡಲಿಲ್ಲ. ಅವರು ದಿನದಲ್ಲಿ ಯಾರೊಡನೆ, ಎಲ್ಲಿ ಕುಳಿತು, ಎಷ್ಟು ಮಾತನಾಡುವರೆಂಬುದನ್ನು ಕೇಳಲಿಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲಿಯೇ ಹೆಚ್ಚು ಕಾಲ ಕಳೆಯುವ ವೃದ್ಧರಿಗೆ, ಧ್ವನಿಗ್ರಾಹಕವನ್ನು ಮಾತನಾಡುವವರ ಬಾಯಿಯ ಬಳಿಗೆ ಒಯ್ಯಬಹುದಾದ ಸರಳ ಉಪಕರಣವು ಅನೇಕ ವೇಳೆ ದುಬಾರಿ ಯಂತ್ರಕ್ಕಿಂತ ಹೆಚ್ಚು ಉಪಕಾರಿ. ಆದರೆ ಸರಳವಾದುದೆಲ್ಲ ಒಳ್ಳೆಯದಲ್ಲ. ಅದನ್ನೂ ಪರೀಕ್ಷಿಸಿಯೇ ಕೊಳ್ಳಬೇಕು. ಈ ಮಾತಿಗೆ ಕಾರಣಗಳನ್ನು ತಿಳಿಯಬೇಕಾದರೆ ಮುಪ್ಪಿನಲ್ಲಿ ಕಿವಿಗೆ ಏನಾಗುವುದೆಂಬುದನ್ನು ನೋಡಬೇಕು.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ನಾಳವಿದೆ. ಅದನ್ನು ಕಾಕ್ಲಿಯ ಎಂದು ಕರೆಯುವರು. ಅದನ್ನು ಬಿಚ್ಚಿ ನೀಳವಾಗಿಸಿದರೆ ಉದ್ದ ಸುಮಾರು 35 ಮಿಲಿಮೀಟರು. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲುಸಾಲಾಗಿ ನಿಂತಿರುತ್ತವೆ. ಶಬ್ದದ ಕಂಪನಗಳನ್ನು ನರದ ಸಂದೇಶಗಳನ್ನಾಗಿ ಮಾರ್ಪಡಿಸುವ ಕೆಲಸ ಈ ಕೋಶಗಳದು. ನಾಳದ ಬಾಗಿಲ ಬಳಿಯ ಭಾಗವು ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಎತ್ತರದ ಸ್ವರಗಳಿಗೆ ಓಗೊಡುವುದು. ಒಳತುದಿಯ ಭಾಗವು ನಿಧಾನ ಕಂಪನದ ತಗ್ಗು ಸ್ವರಗಳಿಗೆ ಓಗೊಡುವುದು. ಈ ಕಾರ್ಯವಿಧಾನವನ್ನು ಪ್ರಯೋಗಗಳಿಂದ ತೋರಿಸಿದ ಹಂಗೆರಿ ಮೂಲದ ಭೌತವಿಜ್ಞಾನಿ ಗೆಯಾರ್ಗ್ ಫಾನ್ ಬೆಕೆಸಿಯವರಿಗೆ 1961ರ ನೊಬೆಲ್ ಪಾರಿತೋಷಕ ದೊರೆಯಿತು. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಬಳಿಯ ಕೋಶಗಳು. ಮನುಷ್ಯನಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಮುಪ್ಪಿನಲ್ಲಿ ಎತ್ತರದ ಸ್ವರಗಳು ಮೊದಲು ಮರೆಯಾಗುವುವು. ತಗ್ಗು ಸ್ವರಗಳು ಬಹುಕಾಲ ಉಳಿಯುವುವು.

ಇದರ ಪರಿಣಾಮ ಮಾತಿನ ಮೇಲೆ ಹೇಗಾಗುವುದೆಂದು ನೋಡೋಣ. ನಮ್ಮ ಮಾತಿನಲ್ಲಿ ಅ, ಆ, ಎ, ಒ ಮೊದಲಾದ ಸ್ವರಾಕ್ಷರಗಳಿಗೆ ಬಲ ಹೆಚ್ಚು; ಅವುಗಳ ಶಕ್ತಿಯ ದೊಡ್ಡ ಪಾಲು ಸೆಕೆಂಡಿಗೆ 1000ಕ್ಕಿಂತ ಕಡಿಮೆ ಕಂಪನಗಳಲ್ಲಿರುತ್ತದೆ. ಸ, ಶ, ತ, ಟ, ಕ, ಚ ಮೊದಲಾದ ವ್ಯಂಜನಗಳು ಬಲದಲ್ಲಿ ದುರ್ಬಲ. ಅವುಗಳನ್ನು ಒಂದರಿಂದೊಂದು ಬೇರೆಯೆಂದು ಗುರುತಿಸುವ ಚಿಹ್ನೆಗಳು ಬಹುಮಟ್ಟಿಗೆ ಸೆಕೆಂಡಿಗೆ 2000ದಿಂದ 8000ದವರೆಗಿನ ಕಂಪನಗಳಲ್ಲಿರುತ್ತವೆ. ಈಗ ಕಟ್ಟೆ, ಕತ್ತೆ, ಕಪ್ಪೆ ಎಂಬ ಮೂರು ಮಾತುಗಳನ್ನು ಉಚ್ಚರಿಸಿ ನೋಡಿರಿ. ಮೂರರಲ್ಲಿಯೂ ಸ್ವರಗಳು ಒಂದೇ. ನಡುವಿನ ವ್ಯಂಜನ ಮಾತ್ರ ಬೇರೆ. ಸಾಲು, ಹಾಲು, ಕಾಲು, ಪಾಲು ಎಂಬಲ್ಲಿಯೂ ಹಾಗೆಯೇ. ವೃದ್ಧರಿಗೆ ಈ ಮಾತುಗಳು ಕೇಳಿಸುವುದಿಲ್ಲವೆಂದಲ್ಲ. ಯಾರೋ ಏನೋ ಅಂದರೆಂದು ಚೆನ್ನಾಗಿಯೇ ಕೇಳಿಸುವುದು. ಅದು ಹಾಲೋ ಕಾಲೋ ಎಂಬುದು ಮಾತ್ರ ತಿಳಿಯದು. "ಕೇಳಿಸುತ್ತದೆ, ಅರ್ಥವಾಗುವುದಿಲ್ಲ" ಎಂದು ಅವರು ಹೇಳುವ ಮಾತು ಅಕ್ಷರಶಃ ಸತ್ಯ. ಮನೆಯವರು ಇದನ್ನು ಅರಿಯದೆ "ಬೇಕಾದ್ದು ಮಾತ್ರ ಕೇಳಿಸುತ್ತದೆ ನೋಡಿ" ಎಂದು ಹಾಸ್ಯ ಮಾಡುವರು. ಇದು ಅನ್ಯಾಯ.

ಹಾಗಾದರೆ ಗಟ್ಟಿಯಾಗಿ ಕೂಗಿದರಾಯಿತಲ್ಲ ಎಂದು ಕೇಳಬಹುದು. ಕೂಗಿದಾಗ ಹೆಚ್ಚುವುದು ಮುಖ್ಯವಾಗಿ ಸ್ವರಗಳ ಬಲ. ವ್ಯಂಜನಗಳ ಬಲ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಅಲ್ಲದೆ ಸವೆದ ಕಿವಿಗೆ ಇನ್ನೊಂದು ಕಷ್ಟವುಂಟು. ಮೆಲ್ಲನೆಯ ಶಬ್ದ ಅದಕ್ಕೆ ಕೇಳಿಸದು. ಆದರೆ ಜೋರಾದ ಶಬ್ದ ಎಳೆಯರ ಕಿವಿಗೆ ಎಷ್ಟು ಜೋರೋ ಅದಕ್ಕೂ ಅಷ್ಟೇ ಜೋರು. ಕೇಳಿಸದ ಮಟ್ಟಕ್ಕೂ ಸಹಿಸಲಾಗದ ಮಟ್ಟಕ್ಕೂ ನಡುವಿನ ಅವಕಾಶ ಕಿರಿದಾಗಿರುವುದು. "ಸ್ವಲ್ಪ ಗಟ್ಟಿಯಾಗಿ ಹೇಳು" ಎಂದ ಅಜ್ಜಿ ಮರುಕ್ಷಣವೇ "ಯಾಕೆ ಹೀಗೆ ಕಿರಿಚುತ್ತೀ?" ಎಂದು ಗದರುವುದಕ್ಕೆ ಇದೇ ಕಾರಣ.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ, ಎಂದರೆ ದೂರದ ಪ್ರಶ್ನೆಗೆ ಬರೋಣ. ಬಯಲಿನಲ್ಲಿ ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದೆಂದು ವಿದ್ಯಾರ್ಥಿಗಳು ಓದಿರುವರು. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ, ಎಂದರೆ 6 ಡೆಸಿಬೆಲ್ ಕೆಳಕ್ಕೆ, ಇಳಿಯುವುದು. ಸಾಮಾನ್ಯ ಸಂಭಾಷಣೆಯ ಧ್ವನಿಯು ಒಂದು ಮೀಟರು ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುವುದೆಂದಿಟ್ಟುಕೊಳ್ಳಿರಿ. ಎರಡು ಮೀಟರಿನಲ್ಲಿ ಅದು 54. ನಾಲ್ಕು ಮೀಟರಿನಲ್ಲಿ 48. ಕೋಣೆಯ ಪಂಖ, ಬೀದಿಯ ವಾಹನ, ಅಡಿಗೆಮನೆಯ ಸದ್ದು ಎಲ್ಲವೂ ಸೇರಿ 50 ಡೆಸಿಬೆಲ್ ಇದ್ದರೆ, ನಾಲ್ಕು ಮೀಟರಿನಲ್ಲಿರುವ ಅಜ್ಜನ ಪಾಲಿಗೆ ಮಾತು ಗದ್ದಲದಲ್ಲಿ ಮುಳುಗಿಹೋಗಿರುತ್ತದೆ. ಮನೆಯೊಳಗೆ ಗೋಡೆಗಳಿಂದ ಪ್ರತಿಫಲಿಸಿದ ಧ್ವನಿಯೂ ಬಂದು ಸೇರುವುದರಿಂದ ಇಳಿತ ಇಷ್ಟಾಗುವುದಿಲ್ಲ, ನಿಜ. ಆದರೆ ಹಾಗೆ ಸೇರಿದ ಧ್ವನಿ ತಡವಾಗಿ ಬಂದು ಒಂದು ಅಕ್ಷರದ ಬಾಲವನ್ನು ಮುಂದಿನ ಅಕ್ಷರದ ಮೇಲೆ ಎಳೆಯುವುದು. ನುಣುಪಾದ ನೆಲ, ಬರಿಯ ಗೋಡೆಗಳಿರುವ ಈಗಿನ ಕಾಂಕ್ರೀಟು ಮನೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಈಗ ಕಿವಿಯಲ್ಲಿ ಕೂರುವ ವರ್ಧಕವೊಂದನ್ನು ತಂದರೆ ಏನಾಗುವುದು? ಅದರ ಧ್ವನಿಗ್ರಾಹಕವೂ ಕಿವಿಯಲ್ಲಿಯೇ ಇರುವುದು. ಎಂದರೆ ಅದು ನಾಲ್ಕು ಮೀಟರು ದೂರದಲ್ಲಿಯೇ ಇರುವುದು. ಅದಕ್ಕೆ ತಲುಪುವಾಗಲೇ ಮಾತು ಗದ್ದಲದಲ್ಲಿ ಬೆರೆತಿರುವುದು. ಸಾಧಾರಣ ವರ್ಧಕವು ಮಾತನ್ನು ಹತ್ತರಷ್ಟು ಮಾಡಿದರೆ ಗದ್ದಲವನ್ನೂ ಹತ್ತರಷ್ಟು ಮಾಡುವುದು. ನೀರು ಬೆರೆತ ಹಾಲನ್ನು ದೊಡ್ಡ ಪಾತ್ರೆಗೆ ಎಷ್ಟು ಹೊಯ್ದರೂ ಅದು ಗಟ್ಟಿಹಾಲಾಗದು. ಉತ್ತಮ ಯಂತ್ರಗಳು ಎದುರಿನಿಂದ ಬರುವ ಧ್ವನಿಯನ್ನು ಹೆಚ್ಚಾಗಿ ಹಿಡಿದು, ಒಂದೇ ಸಮನಾದ ಗದ್ದಲವನ್ನು ತಗ್ಗಿಸಿ, ಸ್ವಲ್ಪ ಮಟ್ಟಿಗೆ ಬೇರ್ಪಡಿಸಬಲ್ಲವು. ಆದರೆ ಧ್ವನಿಗ್ರಾಹಕವನ್ನು ಮಾತನಾಡುವವರ ಬಾಯಿಂದ 25 ಸೆಂಟಿಮೀಟರು ದೂರಕ್ಕೆ ತಂದೆವೆನ್ನಿ. ಎರಡು ಮೀಟರಿಗೆ ಹೋಲಿಸಿದರೆ ದೂರ ಎಂಟರಲ್ಲಿ ಒಂದಾಯಿತು. ನೇರವಾಗಿ ಬರುವ ಧ್ವನಿಯ ತೀವ್ರತೆ ಅರವತ್ನಾಲ್ಕರಷ್ಟಾಯಿತು. ಎಂದರೆ 18 ಡೆಸಿಬೆಲ್ ಲಾಭ. ಪಂಖದ ಸದ್ದು ಮಾತ್ರ ಇದ್ದಷ್ಟೇ ಇದೆ. ಯಾವ ಮಂಡಲವೂ ಇಲ್ಲದೆ, ಯಾವ ಗಣಕವೂ ಇಲ್ಲದೆ, ಬರಿಯ ಒಂದು ತಂತಿಯಿಂದ ಬಂದ ಲಾಭವಿದು.

ಈ ತತ್ತ್ವ ಹೊಸದೇನೂ ಅಲ್ಲ. ಸಂಗೀತಗಾರ ಬೀಥೋವನ್ ಕಿವುಡನಾದಾಗ ಮೆಲ್ಸೆಲ್ ಎಂಬ ಯಂತ್ರಶಿಲ್ಪಿ ಅವನಿಗೆ ಲೋಹದ ಕಿವಿತುತ್ತೂರಿಗಳನ್ನು ಮಾಡಿಕೊಟ್ಟಿದ್ದನು. ಅಗಲವಾದ ಬಾಯಿಯನ್ನು ಮಾತನಾಡುವವರತ್ತ ಹಿಡಿದು ಕಿರಿದಾದ ತುದಿಯನ್ನು ಕಿವಿಗಿಡುವ ಸಾಧನವದು. ಕೇಳದ ವೃದ್ಧರು ಬಂದಾಗ ಕೆಲವು ವೈದ್ಯರು ತಮ್ಮ ಸ್ಟೆತಸ್ಕೋಪನ್ನು ಅವರ ಕಿವಿಗಿಟ್ಟು ಅದರ ಬಿಲ್ಲೆಯೆದುರು ಮೆಲ್ಲಗೆ ಮಾತನಾಡುವುದೂ ಉಂಟು. ಅನೇಕ ವೇಳೆ ಅಷ್ಟೇ ಸಾಕಾಗುವುದು. ವಿದ್ಯುತ್ತಿನ ಶ್ರವಣಯಂತ್ರಗಳು ಬಂದದ್ದು ಆಮೇಲೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದಾಗ, ಜನಸಾಮಾನ್ಯರ ಕೈಗೆ ಅದು ಮೊದಲು ಬಂದ ರೂಪಗಳಲ್ಲಿ ಶ್ರವಣಯಂತ್ರವೇ ಅಗ್ರಗಣ್ಯ. ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಟ್ರಾನ್ಸಿಸ್ಟರ್ ಶ್ರವಣಯಂತ್ರ ಅದಕ್ಕೂ ಮುಂಚೆ. ಮುಪ್ಪಿನ ಕಿವಿಗೆ ವಿಜ್ಞಾನ ಸಲ್ಲಿಸಿದ ಸೇವೆ ಅಷ್ಟು ಹಳೆಯದು.

ನಾವು ಇಲ್ಲಿ ಸರಳ ಉಪಕರಣವೆಂದು ಹೇಳುತ್ತಿರುವುದು ಅಂಗಿಯ ಜೇಬಿನಲ್ಲಿ ಹಿಡಿಸುವ ಒಂದು ಪೆಟ್ಟಿಗೆಯನ್ನು. ಅದರಲ್ಲಿ ಒಂದು ಧ್ವನಿಗ್ರಾಹಕ, ಒಂದು ವರ್ಧಕ, ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಒಂದು ತಿರುಗುಗುಂಡಿ, ಪೆನ್ಸಿಲ್ ಗಾತ್ರದ ಒಂದೆರಡು ವಿದ್ಯುತ್ಕೋಶಗಳು, ತಂತಿಯ ತುದಿಯಲ್ಲಿ ಎರಡು ಕಿವಿಗೂ ಕೂರುವ ಶ್ರವಣಿ ಇಷ್ಟೇ ಇರುವುದು. ಪೆಟ್ಟಿಗೆಯನ್ನು ಮಾತನಾಡುವವರತ್ತ ನೀಡಬಹುದು, ಮೇಜಿನ ಮೇಲೆ ಇಡಬಹುದು. ಕೆಲವದರಲ್ಲಿ ಧ್ವನಿಗ್ರಾಹಕವನ್ನು ಪ್ರತ್ಯೇಕವಾದ ಉದ್ದ ತಂತಿಯಿಂದ ಮಾತನಾಡುವವರ ಅಂಗಿಗೆ ಸಿಕ್ಕಿಸಬಹುದು, ಇಲ್ಲವೆ ದೂರದರ್ಶನದ ಧ್ವನಿವರ್ಧಕದ ಎದುರಿಗೆ ಇಡಬಹುದು. ಹಾಗೆ ಇಟ್ಟರೆ ಅಜ್ಜಿಗಾಗಿ ದೂರದರ್ಶನವನ್ನು ಬೀದಿಗೆಲ್ಲ ಕೇಳುವಂತೆ ಹಾಕಬೇಕಾದುದಿಲ್ಲ. ಧ್ವನಿಗ್ರಾಹಕವೂ ಶ್ರವಣಿಯೂ ದೂರದೂರ ಇರುವುದರಿಂದ, ಕಿವಿಯಿಂದ ಸೋರಿದ ಶಬ್ದ ಮತ್ತೆ ಧ್ವನಿಗ್ರಾಹಕವನ್ನು ಹೊಕ್ಕು 'ಕುಂಯ್' ಎಂದು ಕೂಗುವ ಪೀಡೆಯೂ ಕಡಿಮೆ. ಕೋಶ ಬದಲಾಯಿಸುವುದಕ್ಕೆ ಸೂಜಿಯ ಕಣ್ಣು ಬೇಡ. ಕಳೆದುಹೋದರೆ ಹುಡುಕುವುದೂ ಸುಲಭ. ನಿಸ್ತಂತು ಶ್ರವಣಿಗಳು ಈಗ ಎಲ್ಲೆಡೆಯೂ ಬಂದಿವೆ. ಆದರೆ ಸಾಮಾನ್ಯ ದರ್ಜೆಯವುಗಳಲ್ಲಿ ಶಬ್ದವು ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕೂ ಮಿಕ್ಕು ತಡವಾಗಿ ಬರುವುದುಂಟು. ಆಗ ಕಣ್ಣಿಗೆ ಕಾಣುವ ತುಟಿಗೂ ಕಿವಿಗೆ ಬೀಳುವ ಮಾತಿಗೂ ತಾಳ ತಪ್ಪುವುದು. ತುಟಿಯ ಚಲನೆಯನ್ನು ಆಧರಿಸಿ ಮಾತನ್ನು ಊಹಿಸುವ ವೃದ್ಧರಿಗೆ ಇದು ದೊಡ್ಡ ತೊಡಕು. ತಂತಿಯಲ್ಲಿ ಈ ದೋಷವಿಲ್ಲ.

ಸರಳ ಉಪಕರಣಗಳನ್ನು ಹೀಗೆ ಹೊಗಳಿದ ಮಾತ್ರಕ್ಕೆ, ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದನ್ನು ಕಣ್ಣುಮುಚ್ಚಿ ಕೊಳ್ಳಿರೆಂದು ನಾವು ಹೇಳಿದಂತಾಗಬಾರದು. 2017ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಶ್ರವಣಲೋಪವಿದ್ದ 42 ಮಂದಿ ಹಿರಿಯರಿಗೆ, ಗದ್ದಲದ ನಡುವೆ ಮಾತುಗಳನ್ನು ಕೇಳಿಸಿ, ಎಷ್ಟು ಸರಿಯಾಗಿ ತಿಳಿಯಿತೆಂದು ಲೆಕ್ಕ ಹಾಕಿದರು. ಯಾವ ಯಂತ್ರವೂ ಇಲ್ಲದೆ ನೂರಕ್ಕೆ ಸುಮಾರು 76 ಮಾತುಗಳು ತಿಳಿದವು. ಕ್ರಮವಾಗಿ ಹೊಂದಿಸಿದ ಶ್ರವಣಯಂತ್ರದಿಂದ ಸುಮಾರು 88 ತಿಳಿದವು. ಅಂಗಡಿಯಲ್ಲಿ ನೇರವಾಗಿ ಸಿಗುವ ಐದು ಬಗೆಯ ವರ್ಧಕಗಳಲ್ಲಿ ಮೂರು, ಬೆಲೆ ಬಹಳ ಕಡಿಮೆಯಾಗಿದ್ದರೂ, ಶ್ರವಣಯಂತ್ರಕ್ಕೆ ಹೆಚ್ಚುಕಡಿಮೆ ಸಮೀಪಕ್ಕೆ ಬಂದವು. ಆದರೆ ಸುಮಾರು 30 ಡಾಲರಿನ ಅತ್ಯಂತ ಅಗ್ಗದ ಒಂದನ್ನು ಹಾಕಿಕೊಂಡಾಗ ತಿಳಿದ ಮಾತುಗಳು ಸುಮಾರು 65ಕ್ಕೆ ಇಳಿದವು! ಅದನ್ನು ಧರಿಸುವುದಕ್ಕಿಂತ ಬರಿಗಿವಿಯೇ ಲೇಸಾಗಿತ್ತು. ತಗ್ಗು ಸ್ವರಗಳನ್ನೇ ಹೆಚ್ಚಿಸಿ, ವ್ಯಂಜನಗಳ ಎತ್ತರದ ಸ್ವರಗಳನ್ನು ಬಿಟ್ಟುಬಿಟ್ಟು, ತನ್ನದೇ ಆದ ಕರಕರ ಸದ್ದನ್ನು ಸೇರಿಸುವ ವರ್ಧಕವು ಮುಪ್ಪಿನ ಕಿವಿಗೆ ಉಪಕಾರ ಮಾಡಲಾರದು. ಬೆಲೆಯ ಏರಿಕೆ ಗುಣಕ್ಕೆ ಸಾಕ್ಷಿಯಲ್ಲದಂತೆಯೇ ಬೆಲೆಯ ಇಳಿಕೆಯೂ ಗುಣವಲ್ಲ.

ಶ್ರವಣತಜ್ಞರು ಅಳೆದು ಹೊಂದಿಸುವ ಯಂತ್ರವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಯಾವ ಕಂಪನದಲ್ಲಿ ಎಷ್ಟು ಲೋಪವಿದೆಯೋ ಅಷ್ಟನ್ನೇ ಅಲ್ಲಲ್ಲಿ ತುಂಬುವುದು, ಮೆಲ್ಲನೆಯ ಶಬ್ದವನ್ನು ಹೆಚ್ಚಾಗಿಯೂ ಜೋರಾದುದನ್ನು ಕಡಿಮೆಯಾಗಿಯೂ ವರ್ಧಿಸುವುದು ಅದರ ವಿಶೇಷ. ಹೊರಗೆ ಓಡಾಡುವವರಿಗೆ, ಸಭೆ ಸಮಾರಂಭಗಳಿಗೆ ಹೋಗುವವರಿಗೆ, ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಜನರೊಡನೆ ವ್ಯವಹರಿಸುವವರಿಗೆ ಅದೇ ಯೋಗ್ಯವಾದುದು. ಆದರೆ ಅಂತಹ ಯಂತ್ರಕ್ಕೆ ಕಿವಿ ಹೊಂದಿಕೊಳ್ಳಲು ವಾರಗಳು ಬೇಕು. ಆಗಾಗ ತಿದ್ದಿಸಿಕೊಂಡು ಬರಬೇಕು. ಪ್ರತಿದಿನ ಶುಚಿ ಮಾಡಬೇಕು. ನೆನಪು ಮಾಸಿದವರು, ಹಾಸಿಗೆ ಹಿಡಿದವರು, ಬೆರಳು ಮರಗಟ್ಟಿದವರು, ದಿನಕ್ಕೆ ಒಂದೆರಡು ಗಂಟೆ ಮಾತ್ರ ಒಬ್ಬಿಬ್ಬರೊಡನೆ ಮಾತನಾಡುವವರು, ಇವರಿಗೆ ಪೆಟ್ಟಿಗೆಯ ಯಂತ್ರವೇ ಲೇಸು. ಎರಡನ್ನೂ ಇಟ್ಟುಕೊಳ್ಳಬಾರದೆಂಬ ನಿಯಮವೂ ಇಲ್ಲ.

ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದು, ಧ್ವನಿಗ್ರಾಹಕವನ್ನು ಮಾತನಾಡುವವರ ಹತ್ತಿರಕ್ಕೆ ಒಯ್ಯಲು ಆಗುವುದೆ? ಎರಡನೆಯದು, ಹಿರಿಯರು ಯಾರ ನೆರವೂ ಇಲ್ಲದೆ ಅದನ್ನು ಧರಿಸಿ, ಹಚ್ಚಿ, ಆರಿಸಿ, ಕೋಶವನ್ನು ಬದಲಾಯಿಸಬಲ್ಲರೆ? ಮೂರನೆಯದು, ಧ್ವನಿಯನ್ನು ಹೆಚ್ಚಿಸಿದಾಗ ಮಾತು ಸ್ಪಷ್ಟವಾಗುವುದೆ, ಇಲ್ಲವೆ ಬರಿದೆ ಜೋರಾಗುವುದೆ? ನಾಲ್ಕನೆಯದು, ಹತ್ತಿರದಲ್ಲಿ ತಟ್ಟೆ ಬಿದ್ದರೆ, ಬಾಗಿಲು ಬಡಿದರೆ, ಶಬ್ದವು ಕಿವಿಗೆ ಹೊಡೆತವಾಗದಂತೆ ಒಂದು ಮಿತಿಯಲ್ಲಿ ನಿಲ್ಲುವ ಏರ್ಪಾಡು ಅದರಲ್ಲಿದೆಯೆ? ಐದನೆಯದು, ಒಂದು ವಾರ ಬಳಸಿ ನೋಡಿ ಒಗ್ಗದಿದ್ದರೆ ಹಿಂದಿರುಗಿಸಲು ಅಂಗಡಿಯವರು ಒಪ್ಪುವರೆ? ಈ ಐದು ಪ್ರಶ್ನೆಗಳಲ್ಲಿ ಯಂತ್ರದ ಅಂದಚಂದದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವುಂಟು. ಅದು ವೈದ್ಯರಿಂದ ಕಿವಿಯನ್ನು ತೋರಿಸಿಕೊಳ್ಳುವುದು. ಗಟ್ಟಿಯಾದ ಗುಗ್ಗೆಯೇ ಕಿವಿಯನ್ನು ಮುಚ್ಚಿರಬಹುದು. ಅದನ್ನು ತೆಗೆದರೆ ಯಂತ್ರವೇ ಬೇಡವಾಗಬಹುದು. ಒಂದು ಕಿವಿ ಮಾತ್ರ ಕೇಳಿಸದಿದ್ದರೆ, ಕಿವಿ ಸೋರುತ್ತಿದ್ದರೆ, ನೋವು ಅಥವಾ ತಲೆಸುತ್ತು ಇದ್ದರೆ ತಡಮಾಡಬಾರದು. ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಶ್ರವಣ ಕುಂದಿದರಂತೂ ಅದನ್ನು ಮುಪ್ಪೆಂದು ಬಗೆಯದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಅಂತಹ ಲೋಪಕ್ಕೆ ಬೇಗನೆ ಕೊಟ್ಟ ಚಿಕಿತ್ಸೆ ಮಾತ್ರ ಫಲಿಸುವ ಸಂಭವವುಂಟು. ಶ್ರವಣವನ್ನು ಅಳೆಯುವ ಪರೀಕ್ಷೆಗೆ ಕನ್ನಡಿಗರು ದೂರ ಹೋಗಬೇಕಾದುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ಈ ಕ್ಷೇತ್ರದಲ್ಲಿ ಶಿಕ್ಷಣ, ಸಂಶೋಧನೆ, ಚಿಕಿತ್ಸೆಗಳನ್ನು ನಡೆಸಿಕೊಂಡು ಬಂದಿದೆ. ಬಡತನದಲ್ಲಿರುವ ಹಿರಿಯರಿಗೆ ಶ್ರವಣಯಂತ್ರ, ಊರುಗೋಲು, ಕನ್ನಡಕ ಮೊದಲಾದವನ್ನು ಉಚಿತವಾಗಿ ಕೊಡುವ ಸಲುವಾಗಿ ಕೇಂದ್ರ ಸರ್ಕಾರವು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ಇಂತಹ ಅನುಕೂಲಗಳನ್ನು ವಿಚಾರಿಸಿ ತಿಳಿದು ಹಿರಿಯರಿಗೆ ಮುಟ್ಟಿಸುವುದು ಓದುಬರಹ ಬಲ್ಲ ಮೊಮ್ಮಕ್ಕಳ ಕರ್ತವ್ಯವಲ್ಲವೆ?

ಯಂತ್ರ ಸರಿಯೇ ಅಲ್ಲವೇ ಎಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಟ್ಟೆ, ಕತ್ತೆ, ಕಪ್ಪೆ; ಸಾಲು, ಹಾಲು, ಕಾಲು, ಪಾಲು; ತುತ್ತು, ಮುತ್ತು, ಸುತ್ತು; ಅಕ್ಕಿ, ಅತ್ತಿ ಇಂತಹ ಇಪ್ಪತ್ತು ಮಾತುಗಳನ್ನು ಚೀಟಿಗಳಲ್ಲಿ ಬರೆದು ಕಲಸಿಡಿರಿ. ಹಿರಿಯರು ಕಣ್ಣುಮುಚ್ಚಿ ಕುಳಿತಿರಲಿ. ಎರಡು ಮೀಟರು ದೂರದಿಂದ, ಸಹಜವಾದ ಧ್ವನಿಯಲ್ಲಿ, ಒಂದೊಂದಾಗಿ ಓದಿರಿ, ಅವರು ಕೇಳಿದಂತೆ ಹೇಳಲಿ, ಸರಿಯಾದವನ್ನು ಎಣಿಸಿರಿ. ಆಮೇಲೆ ಚೀಟಿಗಳನ್ನು ಮತ್ತೆ ಕಲಸಿ, ಯಂತ್ರವನ್ನು ತೊಡಿಸಿ, ಧ್ವನಿಗ್ರಾಹಕವನ್ನು ನಿಮ್ಮ ಹತ್ತಿರಕ್ಕೆ ತಂದುಕೊಂಡು ಓದಿರಿ. ಕಡೆಗೆ ಪಂಖವನ್ನೂ ರೇಡಿಯೋವನ್ನೂ ಹಾಕಿ ಎರಡು ಬಗೆಯಲ್ಲಿಯೂ ಮತ್ತೊಮ್ಮೆ ಓದಿರಿ. ನಾಲ್ಕು ಅಂಕೆಗಳು ನಿಮ್ಮ ಕೈಗೆ ಬರುವುವು. ಅಂಗಡಿಯವರ ಮಾತಿಗಿಂತ ಆ ಅಂಕೆಗಳನ್ನು ನಂಬಿರಿ. ಒಂದು ಎಚ್ಚರಿಕೆ: ಶ್ರವಣಿಯನ್ನು ತೊಡಿಸುವ ಮುನ್ನ ಧ್ವನಿಯ ಗುಂಡಿಯನ್ನು ಪೂರ್ತಿಯಾಗಿ ತಗ್ಗಿಸಿ, ಆಮೇಲೆ ಹಿರಿಯರ ಕೈಯಿಂದಲೇ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಹಾಗೆ ಹೆಚ್ಚಿಸಿದ ಯಂತ್ರವನ್ನು ಕುತೂಹಲಕ್ಕಾಗಿ ನಿಮ್ಮ ಕಿವಿಗೆ ಇಟ್ಟುಕೊಳ್ಳಬೇಡಿರಿ. ನಿಮ್ಮ ರೋಮಕೋಶಗಳೂ ಒಮ್ಮೆ ಹೋದರೆ ಮತ್ತೆ ಬಾರವು.

ನಾವು ಮೇಷ್ಟರಿಗಾಗಿ ಮಾಡಿದುದೂ ಇಷ್ಟೇ. ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದ ಒಂದು ಧ್ವನಿಗ್ರಾಹಕ, ಒಂದು ಸಣ್ಣ ವರ್ಧಕ, ಒಂದು ಶ್ರವಣಿ ಇವುಗಳನ್ನು ಜೋಡಿಸಿ ಅವರ ಮನೆಗೆ ಒಯ್ದೆವು. ಅಭ್ಯಾಸಬಲದಿಂದ ಮೊಮ್ಮಗಳು ಧ್ವನಿಗ್ರಾಹಕದೆದುರು ಗಟ್ಟಿಯಾಗಿ "ತಾತಾ" ಎಂದು ಕೂಗಿದಳು. ಮೇಷ್ಟರು ಬೆಚ್ಚಿಬಿದ್ದು, "ಹೀಗೇಕೆ ಕೂಗುತ್ತೀ? ನನಗೇನು ಕಿವುಡೆ?" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆ ಮೇಲೆ ಅಂತಹದೇ ಒಂದು ಜೇಬಿನ ಪೆಟ್ಟಿಗೆಯನ್ನು ಅವರೇ ನಾಲ್ಕಾರು ನೋಡಿ ಆರಿಸಿಕೊಂಡರು. ಅದನ್ನು ತೊಟ್ಟು ವೈದ್ಯರಲ್ಲಿಗೆ ಹೋದ ದಿನ ಒಂದು ವಿಶೇಷ ನಡೆಯಿತು. ಅದುವರೆಗೆ ವೈದ್ಯರ ಪ್ರಶ್ನೆಗಳಿಗೆಲ್ಲ ಜೊತೆಗೆ ಹೋದವರು ಉತ್ತರ ಕೊಡುತ್ತಿದ್ದರು. ಅಂದು ಮೇಷ್ಟರೇ ಉತ್ತರ ಕೊಟ್ಟರು. ಊಟಕ್ಕೆ ಮೊದಲು ನುಂಗಬೇಕಾಗಿದ್ದ ಮಾತ್ರೆಯನ್ನು ಅವರು ಅನೇಕ ತಿಂಗಳುಗಳಿಂದ ಊಟವಾದ ಮೇಲೆ ನುಂಗುತ್ತಿದ್ದರೆಂಬುದು ಆಗ ಹೊರಬಿತ್ತು. ಹೇಳಿದವರು ಸರಿಯಾಗಿಯೇ ಹೇಳಿದ್ದರು. ಮೇಷ್ಟರು "ಊಟ" ಎಂಬುದಷ್ಟನ್ನೇ ಕೇಳಿ ತಲೆಯಾಡಿಸಿದ್ದರು.

ಈ ಪೆಟ್ಟಿಗೆಯಿಂದ ಅವರ ಕಿವಿ ವಾಸಿಯಾಯಿತೆಂದು ನಾವು ಹೇಳುವುದಿಲ್ಲ. ಮದುವೆಯ ಛತ್ರದಲ್ಲಿ ಅದು ನಿರುಪಯೋಗಿ. ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಈಗಲೂ ಅವರಿಗೆ ತಿಳಿಯದು. ಯಂತ್ರ ಮಾಡುವುದು ಅರ್ಧ ಕೆಲಸ. ಉಳಿದ ಅರ್ಧ ಮಾತನಾಡುವವರದು. ಎದುರಿಗೆ, ಬೆಳಕಿನಲ್ಲಿ, ಮುಖ ಕಾಣುವಂತೆ ಕುಳಿತು ಮಾತನಾಡಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಆಡಬೇಕು. ತಿಳಿಯದಿದ್ದಾಗ ಅದೇ ಮಾತನ್ನು ಕೂಗದೆ ಬೇರೆ ಮಾತಿನಲ್ಲಿ ಹೇಳಬೇಕು. ಪಂಖವನ್ನು ಎರಡು ನಿಮಿಷ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ.

ಇನ್ನೊಂದು ಮಾತು. ಕನ್ನಡಕ ಹಾಕಿಕೊಂಡವರನ್ನು ನೋಡಿ ಈಗ ಯಾರೂ ನಗುವುದಿಲ್ಲ. ಅದು ವಿದ್ಯಾವಂತರ ಲಕ್ಷಣವೆಂದು ಕೂಡ ಎಣಿಸುವರು. ಕಿವಿಯ ತಂತಿಯನ್ನು ಕಂಡರೆ ಮಾತ್ರ ನಮಗೆ ಸಂಕೋಚ. ಹುಡುಗರು ಸಂಗೀತಕ್ಕಾಗಿ ದಿನವಿಡೀ ಶ್ರವಣಿ ಹಾಕಿಕೊಂಡು ಬೀದಿಯಲ್ಲಿ ತಿರುಗಬಹುದಾದರೆ, ಮನೆಯವರ ಮಾತು ಕೇಳುವುದಕ್ಕಾಗಿ ಅಜ್ಜಿ ಅದನ್ನು ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನು? ಮರೆಮಾಡುವ ಆಸೆಯಿಂದ ಕೊಂಡ ಯಂತ್ರ ಬೀರುವಿನಲ್ಲಿ ಮರೆಯಾಗುವುದನ್ನು ನಾವು ಕಂಡಿದ್ದೇವೆ. ಮುಂದಿನ ಸಲ ಅಜ್ಜ "ಏನಂತೆ?" ಎಂದು ಕೇಳಿದಾಗ "ಆಮೇಲೆ ಹೇಳುತ್ತೇನೆ" ಎನ್ನುವ ಮುನ್ನ, ವಾಚಕರು ತಮ್ಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕುಳಿತುಕೊಳ್ಳಲಿ. ಯಂತ್ರವನ್ನು ತರುವುದು ನಾಳೆಯ ಕೆಲಸವಾದರೂ, ದೂರವನ್ನು ಕಡಿಮೆ ಮಾಡುವುದು ಈ ಹೊತ್ತೇ ಸಾಧ್ಯ.